ಸಮುದ್ರದ ಊರಲ್ಲಿ ನಾನು ಮುಚ್ಚಿಟ್ಟ ಕೆಂಡ

ವಿಮಾನ ನಿಲ್ದಾಣ

ತೀರ್ಥಹಳ್ಳಿಯ ಕೆಮ್ಮಣ್ಣಿನಿಂದ ಆಸ್ಟ್ರೇಲಿಯಕ್ಕೆ ಅಪಾಯವಿದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕಿತ್ತು. ಅರಳಸುರಳಿ ಕಡೆಯ ಹೈಸ್ಕೂಲಿನಲ್ಲಿ ನಿವೃತ್ತಿಯಾಗುವವರೆಗೂ ಸಮಾಜ ವಿಜ್ಞಾನ ಹೇಳಿಕೊಟ್ಟವಳು ನಾನು. ಆಸ್ಟ್ರೇಲಿಯದ ವಾಯುಗುಣ, ಸಸ್ಯವರ್ಗ, ಕುರಿ ಸಾಕಣೆ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು, ಮಕ್ಕಳಿಂದ ಉರು ಹೊಡೆಸಿ, ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಅಂಥವಳು ಡಿಸೆಂಬರಿನಲ್ಲಿ ಹೊರಡುವಾಗ ಸ್ವೆಟರ್ ಇಟ್ಟುಕೊಂಡಿದ್ದೆ. ಅಲ್ಲಿ ಆಗ ಬೇಸಿಗೆ ಎಂಬುದು ನನ್ನದೇ ಪಾಠದ ಮೊದಲ ಸಾಲು.

ಸ್ವೆಟರಿನ ಕೆಳಗೆ ಒಂದು ಡಬ್ಬಿ ಹಲಸಿನ ಬೀಜ ಇತ್ತು. ಕೆಮ್ಮಣ್ಣು ಬಳಿದು ಒಣಗಿಸಿದ್ದು. ಹಾಗೆ ಇಟ್ಟರೆ ನಮ್ಮಲ್ಲಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಕೆಂಡದಲ್ಲಿ ಸುಟ್ಟ ಹಲಸಿನ ಬೀಜ ಎಂದರೆ ನನ್ನ ತಂಗಿ ಸುಮಿತ್ರಳಿಗೆ ಪ್ರಾಣ. ತಪಾಸಣೆಯ ಹೆಂಗಸು ಡಬ್ಬಿ ತೆಗೆದು ಇದೇನು ಎಂದು ಕೇಳಿದಳು. ಬೀಜ ಎಂದೆ. ಆಕೆಯ ಮುಖದ ನಗು ಹೋಯಿತು. ಮೇಲೆ ಮೆತ್ತಿರುವುದು ಏನು ಎಂದಳು. "ಮಣ್ಣು, ನಮ್ಮೂರಿನದೇ" ಎಂದೆ ಹೆಮ್ಮೆಯಿಂದ. ಆಕೆ ಎರಡು ಹೆಜ್ಜೆ ಹಿಂದೆ ಹೋಗಿ ಕೈಗವಸು ಹಾಕಿಕೊಂಡು ಬಂದಳು.

ಹೊರದೇಶದ ಬೀಜ, ಮಣ್ಣು ಒಳಗೆ ಬಿಡುವಂತಿಲ್ಲವಂತೆ. ಬೀಜ ಹೋಯಿತು, ಅಕ್ಕಿ ಹಿಟ್ಟು ಉಳಿಯಿತು. ಹೊರಗೆ ಸುಮಿತ್ರ ಕಾಯುತ್ತಿದ್ದಳು. ಅವಳು ನನಗಿಂತ ಬಹಳ ಚಿಕ್ಕವಳು, ಎತ್ತಿ ಆಡಿಸಿದ್ದೇನೆ. ನರ್ಸ್ ಆಗಿ ಮೊದಲು ಗಲ್ಫಿಗೆ ಹೋಗಿ, ಅಲ್ಲಿಂದ ಇಲ್ಲಿಗೆ ಬಂದು, ಒಂದು ಸಣ್ಣ ಸಮುದ್ರದ ಊರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಹಿಡಿದಿದ್ದಾಳೆ. ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳುತ್ತಿದ್ದ ನಮ್ಮ ಕಡೆಯವರು ಕೇಳಿ ಕೇಳಿ ಸುಸ್ತಾಗಿ ಈಗ ನನ್ನ ಮಂಡಿನೋವಿನ ವಿಚಾರಕ್ಕೆ ಬಂದಿದ್ದಾರೆ.

"ಸ್ವೆಟರ್ ತಂದಿದೀಯೇನೆ ಅಕ್ಕಾ?" ಎಂದು ಚೀಲ ಮುಟ್ಟಿ ನೋಡಿ ನಕ್ಕಳು. "ಟೀಚರಮ್ಮನ್ನೇ ಬೆಂಚಿನ ಮೇಲೆ ನಿಲ್ಲಿಸ್ಬೇಕು ಈಗ."

ಊರ ಬಾಗಿಲು

ಊರೊಳಗೆ ಹೋಗುವ ರಸ್ತೆಯ ಬದಿಯಲ್ಲಿ ಅರ್ಧಚಂದ್ರಾಕಾರದ ದೊಡ್ಡ ಹಲಗೆ ನಿಲ್ಲಿಸಿದ್ದಾರೆ. ಹಸಿರು, ಹಳದಿ, ಕಿತ್ತಳೆ, ಕಡುಗೆಂಪು ಬಣ್ಣಗಳು, ನಡುವೆ ಒಂದು ಬಾಣ. ಸ್ಕೂಟರಿನ ಪೆಟ್ರೋಲ್ ಮುಳ್ಳು ಇದ್ದ ಹಾಗೆ. ಇವತ್ತು ಬೆಂಕಿಯ ಅಪಾಯ ಎಷ್ಟಿದೆ ಎಂದು ಆ ಬಾಣ ತೋರಿಸುತ್ತದಂತೆ. ಕಾರಿನಲ್ಲಿ ಹೋಗುವವರೆಲ್ಲ ಒಮ್ಮೆ ಅದರ ಕಡೆ ಕಣ್ಣು ಹಾಯಿಸಿಯೇ ಮುಂದೆ ಹೋಗುತ್ತಾರೆ.

ನಾವು ಆಷಾಢದಲ್ಲಿ ಸೇತುವೆಯ ಮೇಲೆ ನಿಂತು ತುಂಗೆ ಎಷ್ಟು ಏರಿದ್ದಾಳೆ ಎಂದು ನೋಡುತ್ತೇವಲ್ಲ, ಇದೂ ಹಾಗೆಯೇ. ಬಾಣ ತೀರಾ ಕೆಂಪಿನ ಕಡೆ ಹೋಗುವ ದಿನ ಸರ್ಕಾರ ಬೆಂಕಿಯನ್ನೇ ನಿಷೇಧಿಸುತ್ತದೆ. ಅದನ್ನು ಅಲ್ಲಿ ಎಲ್ಲರೂ ಬ್ಯಾನ್ ಎನ್ನುತ್ತಾರೆ. ಹಿತ್ತಿಲಲ್ಲಿ ಒಂದು ಕಡ್ಡಿ ಸುಡುವಂತಿಲ್ಲ. ನಾಳೆ ಬ್ಯಾನ್ ಅಂತೆ, ಅಲ್ಲವಂತೆ ಎಂದು ಅಂಗಡಿಯಲ್ಲಿ, ಬಸ್ಸಿನಲ್ಲಿ ಮಾತಾಡಿಕೊಳ್ಳುವುದನ್ನು ಕೇಳಿದಾಗ ನನಗೆ ಮಳೆಗಾಲದ ನಮ್ಮ ಸ್ಟಾಫ್ ರೂಮು ನೆನಪಾಯಿತು. ಡಿಸಿ ರಜೆ ಕೊಟ್ಟರಂತಾ ಎಂದು ನಾವು ಮೊಬೈಲು ಹಿಡಿದು ಕೂರುತ್ತಿದ್ದೆವು. ಮಕ್ಕಳಿಗಿಂತ ನಮಗೇ ಆಸೆ ಜಾಸ್ತಿ.

ಆ ಹಲಗೆಯನ್ನು ತೋರಿಸುವಾಗ ಸುಮಿತ್ರಳ ದನಿಯಲ್ಲಿ ಒಂದು ಬಗೆಯ ಗತ್ತು ಇತ್ತು. ಯಾಕೆಂದು ಮನೆಗೆ ಹೋದ ಮೇಲೆ ತಿಳಿಯಿತು. ಬಾಗಿಲ ಹಿಂದೆ ದಪ್ಪ ಹಳದಿ ಅಂಗಿ, ಪ್ಯಾಂಟು, ಬೂಟು. ನನ್ನ ತಂಗಿ ಆ ಊರಿನ ಬೆಂಕಿ ಆರಿಸುವ ಸ್ವಯಂಸೇವಕರ ತಂಡ ಸೇರಿದ್ದಳು! ಸಂಬಳವಿಲ್ಲ. ಊರಿನವರೇ, ಬಸ್ ಡ್ರೈವರು, ಬೇಕರಿಯವನು, ಪ್ಲಂಬರು, ಕರೆ ಬಂದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡುವವರು. ಇವಳಿನ್ನೂ ಪರೀಕ್ಷೆಯ ಅವಧಿಯಲ್ಲಿದ್ದಳು. ಬರುವ ಭಾನುವಾರ ತಂಡದ ಲಾರಿ ನಿಲ್ಲಿಸುವ ಶೆಡ್ಡಿನಲ್ಲಿ ಎಲ್ಲರೂ ಸೇರಿ ಒಪ್ಪಿದರೆ ಪೂರ್ತಿ ಸದಸ್ಯೆ, ಹೆಸರು ಬರೆದ ಹೆಲ್ಮೆಟ್ಟು ಕೊಡುತ್ತಾರೆ.

"ಹೆಲ್ಮೆಟ್ಟು ಬೇಕಾದ್ರೆ ನಾನೇ ತೆಗೆಸ್ಕೊಡ್ತಿದ್ನಲ್ಲೆ" ಎಂದೆ.

ಅವಳು ನಗಲಿಲ್ಲ. "ಇಷ್ಟು ವರ್ಷ ಆಯ್ತು ಅಕ್ಕಾ ಈ ಊರಿಗೆ ಬಂದು. ಎಲ್ರೂ ಹಲೋ ಅಂತಾರೆ, ಒಳ್ಳೇರೇ. ಆದ್ರೆ ಡ್ಯೂಟಿ ಮುಗ್ಸಿ ಬಂದು ಬಾಗ್ಲು ಹಾಕ್ಕೊಂಡ್ರೆ ನಂಗೆ ಯಾರು? ಇವ್ರು ಮಾತ್ರ ಬಾ, ಕೂತ್ಕೋ, ಪೈಪ್ ಹಿಡಿ ಅಂದ್ರು. ನಂಗೆ ಇದು ಬೇಕು ಕಣೆ."

ಅವಳು ಏನನ್ನಾದರೂ ಹೀಗೆ ಬಾಯಿಬಿಟ್ಟು ಬೇಕು ಎಂದದ್ದು ನನಗೆ ನೆನಪಿಲ್ಲ. ನನ್ನ ತಮಾಷೆಗೆ ನನಗೇ ನಾಚಿಕೆಯಾಯಿತು.

ದಡದ ಕಾವಲಿ

ಮರುದಿನ ಅವಳಿಗೆ ರಜೆ. ಸಮುದ್ರದ ದಡದಲ್ಲಿ ಅಡಿಗೆ ಮಾಡಿ ತಿನ್ನೋಣ ಎಂದಳು. ಮರಳಿನ ಮೇಲೆ ಮೂರು ಕಲ್ಲು ಇಟ್ಟು ಬೆಂಕಿ ಹಾಕುವುದು ಎಂದುಕೊಂಡು ನಾನು ದಾರಿಯುದ್ದಕ್ಕೂ ಬಿದ್ದ ಕಡ್ಡಿ ಆರಿಸುತ್ತ ಹೋದೆ. ದಡ ತಲುಪುವ ಹೊತ್ತಿಗೆ ಕಂಕುಳಲ್ಲಿ ಒಂದು ಸಣ್ಣ ಹೊರೆ. ಅಲ್ಲಿನ ಬೋರ್ಡಿನಲ್ಲಿ ಒಂದು ಬರಿಗಾಲಿನ ಚಿತ್ರ, ಅದರ ಕೆಳಗೆ ಕೆಂಪಗೆ ಉರಿಯುವ ಚುಕ್ಕಿಗಳು. ಮರಳಿನ ಮೇಲೆ ಬೆಂಕಿ ಹಾಕುವಂತಿಲ್ಲ, ಮರಳಿನಲ್ಲಿ ಕೆಂಡ ಹೂಳುವಂತಿಲ್ಲ. ಹೂತ ಕೆಂಡ ಮೇಲಿಂದ ಕಾಣುವುದಿಲ್ಲ, ಓಡಿ ಬರುವ ಮಕ್ಕಳ ಕಾಲು ಸುಡುತ್ತದೆ ಎಂದು ಬರೆದಿತ್ತು. ಮೇಷ್ಟರ ಜಾತಿಯಲ್ಲವೇ, ಬೋರ್ಡನ್ನು ಎರಡು ಸಲ ಓದಿ ತಲೆದೂಗಿದೆ. ಕಡ್ಡಿಯ ಹೊರೆಯನ್ನು ತೆಂಗಿನಕಾಯಿ ಕದ್ದವಳ ಹಾಗೆ ಪೊದೆಯ ಹಿಂದೆ ಇಟ್ಟು ಬಂದೆ.

ಅಡಿಗೆಗೆ ಅಲ್ಲಿ ಬೇರೆ ಏರ್ಪಾಡು. ಹುಲ್ಲಿನ ಮೇಲೆ ಇಟ್ಟಿಗೆಯ ಕಟ್ಟೆ, ಅದರ ಮೇಲೆ ನುಣ್ಣನೆಯ ಉಕ್ಕಿನ ತಗಡು. ಗುಂಡಿ ಒತ್ತಿದರೆ ಕರೆಂಟಿನಿಂದ ಕಾಯುತ್ತದೆ. ಯಾರು ಬೇಕಾದರೂ ಬಳಸಬಹುದು. ಕಾಸು ಕೇಳುವವರಿಲ್ಲ, ಕಾವಲುಗಾರನಿಲ್ಲ. ಮುಗಿದ ಮೇಲೆ ಕೆರೆದು, ಒರೆಸಿ, ಮುಂದಿನವರಿಗೆ ಚೊಕ್ಕ ಮಾಡಿ ಹೋಗಬೇಕು, ಅಷ್ಟೆ. ಎಲ್ಲರೂ ಹಾಗೆಯೇ ಮಾಡುತ್ತಾರೆ. ನಮ್ಮ ಕವಲೇದುರ್ಗದ ಬುಡದಲ್ಲಿ ಇಂಥದ್ದೊಂದು ಇಟ್ಟಿದ್ದರೆ ಮೊದಲ ವಾರ ಗುಂಡಿ, ಎರಡನೆಯ ವಾರ ತಗಡು ಮಾಯವಾಗುತ್ತಿತ್ತು ಎಂದು ಯೋಚಿಸಿ, ನಮ್ಮೂರನ್ನು ಹಳಿದದ್ದಕ್ಕೆ ಆಮೇಲೆ ಬೇಜಾರು ಮಾಡಿಕೊಂಡೆ.

ನಾನು ಅಕ್ಕಿ ಹಿಟ್ಟನ್ನು ಕುದಿನೀರಿನಲ್ಲಿ ಉಕ್ಕರಿಸಿ ಮನೆಯಲ್ಲೇ ನಾದಿ ತಂದಿದ್ದೆ. ತಟ್ಟಿ ತಟ್ಟಿ ರೊಟ್ಟಿ ಹಾಕಿದೆ. ವಯಸ್ಸಾದ ಗಂಡ ಹೆಂಡತಿ ಹಿಂದೆ ಬಂದು ನಿಂತು ನೋಡತೊಡಗಿದರು. ನನಗೆ ಹುರುಪು ಬಂತು. ಇನ್ನಷ್ಟು ಕುಶಲತೆಯಿಂದ, ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ ಹಾಕಿದೆ. ಅವರು ಮುಗುಳ್ನಕ್ಕರು. ಒಂದೊಂದು ರೊಟ್ಟಿ ಕೊಟ್ಟೆ. ತಿಂದರು, ಥ್ಯಾಂಕ್ಸ್ ಎಂದರು, ಮತ್ತೆ ನಿಂತರು. ಹೊಟ್ಟೆಬಾಕರು ಪಾಪ ಎಂದು ಇನ್ನೊಂದೊಂದು ಕೊಟ್ಟೆ.

"ಅಕ್ಕಾ, ಅವ್ರು ನಿನ್ ರೊಟ್ಟಿ ನೋಡ್ತಿಲ್ಲ ಮಾರಾಯ್ತಿ" ಎಂದಳು ಸುಮಿತ್ರ ಕಿವಿಯ ಹತ್ತಿರ ಬಂದು. "ಕ್ಯೂ ನಿಂತಿದಾರೆ. ಅವ್ರ ಮೀನು ಬಿಸ್ಲಿಗೆ ಕಾಯ್ತಾ ಇದೆ."

ಮಾನ ಹೋದದ್ದು ಇರಲಿ, ನನ್ನ ದುಃಖ ಬೇರೆ. ಆ ತಗಡಿನ ಮೇಲೆ ಒಂದು ರೊಟ್ಟಿಯೂ ಉಬ್ಬಲಿಲ್ಲ. ಕಾವಲಿಯ ಮೇಲೆ ಬಾಡಿಸಿ ಕೆಂಡಕ್ಕೆ ಹಾಕಿದರೆ ತಾನೇ ನಮ್ಮ ರೊಟ್ಟಿ ಚೆಂಡಿನ ಹಾಗೆ ಏಳುವುದು? ಇವು ಅಂಚೆ ಕಾರ್ಡಿನ ಹಾಗೆ ಬಿದ್ದಿದ್ದವು. ಮನೆಗೆ ಬರುವವರೆಗೂ ನಾನು ಅದನ್ನೇ ಹೇಳುತ್ತ ಬಂದೆ.

ಹಿತ್ತಿಲು

ನನ್ನ ಗೊಣಗಾಟ ತಡೆಯಲಾರದೆ ಸಂಜೆ ಸುಮಿತ್ರ ಗ್ಯಾರೇಜಿನಿಂದ ಕಾಲು ಇರುವ ಒಂದು ಕಬ್ಬಿಣದ ಬಾಣಲೆಯನ್ನು ಎಳೆದು ತಂದಳು. ಹಿತ್ತಿಲಲ್ಲಿ ಬೆಂಕಿ ಹಾಕುವುದಕ್ಕೆ ಅವರು ಇದನ್ನೇ ಬಳಸುತ್ತಾರೆ. ಅವತ್ತು ಬಾಣ ಹಳದಿಯಲ್ಲಿತ್ತು, ಬೆಂಕಿಗೆ ಅಡ್ಡಿಯಿರಲಿಲ್ಲ. ಆದರೂ ಅವಳು ಸುತ್ತಲಿನ ಒಣ ಹುಲ್ಲನ್ನು ಗುಡಿಸಿ, ನೀರಿನ ಪೈಪನ್ನು ಪಕ್ಕಕ್ಕೇ ತಂದಿಟ್ಟುಕೊಂಡು, ಆಮೇಲೆ ಕಡ್ಡಿ ಗೀರಿದಳು. ಇಷ್ಟು ಶಾಸ್ತ್ರ ನಮ್ಮಲ್ಲಿ ಹೋಮಕ್ಕೂ ಇಲ್ಲ ಎಂದೆ.

ಕೆಂಡ ಬಿದ್ದಿತು. ಮೊದಲ ರೊಟ್ಟಿ ಉಬ್ಬಿ ನಿಂತಾಗ ನಾವಿಬ್ಬರೂ ಚಪ್ಪಾಳೆ ತಟ್ಟಿದೆವು. ಹಲಗೆ ಬೇಲಿಯ ಆಚೆಯಿಂದ ಒಂದು ಬಿಳಿ ತಲೆ ಎದ್ದಿತು. ಪಕ್ಕದ ಮನೆಯ ಕೆವಿನ್. ಒಂಟಿ ಮುದುಕ, ಸುಮಿತ್ರಳ ತಂಡದಲ್ಲಿ ಹಳಬ. ಮಂಡಿ ಹೋದ ಮೇಲೆ ಶೆಡ್ಡಿನಲ್ಲಿ ಟೀ ಮಾಡುವ ಕೆಲಸಕ್ಕೆ ಬಡ್ತಿ ಪಡೆದವನು ಎಂದು ತಾನೇ ಹೇಳಿಕೊಂಡ. ಕೋಳಿ ಸಾರಿನ ಜತೆ ರೊಟ್ಟಿ ಕೊಟ್ಟೆವು. ಕಣ್ಣಲ್ಲಿ ನೀರು ಬಂದರೂ ಬಿಡದೆ ತಿಂದ. ಮಂಡಿನೋವಿನ ವಿಷಯದಲ್ಲಿ ನಾವಿಬ್ಬರೂ ಬಹಳ ಹೊತ್ತು ಮಾತಾಡಿದೆವು.

ಅಷ್ಟರಲ್ಲಿ ಸುಮಿತ್ರಳ ಮೊಬೈಲು ಕಿಣಿಗುಟ್ಟಿತು. ನಾಳೆ ಬ್ಯಾನ್. ಮಧ್ಯರಾತ್ರಿಯಿಂದ ಬೆಂಕಿ ಇರುವಂತಿಲ್ಲ. ಬೆಳಿಗ್ಗೆ ಬೇಗ ಶೆಡ್ಡಿಗೆ ಹೋಗಿ ತಂಡದವರ ಜತೆ ಸಿದ್ಧವಾಗಿ ಕೂರಬೇಕು. "ನಾನು ಮಲ್ಗ್ತೀನಿ ಅಕ್ಕಾ. ಬೆಂಕಿ ಆರ್ಸಿಬಿಡು, ಮರೀಬೇಡ" ಎಂದು ಒಳಗೆ ಹೋದಳು.

ಮರೆಯಲಿಲ್ಲ. ನಮ್ಮ ಮನೆಗಳಲ್ಲಿ ಬಚ್ಚಲೊಲೆಯನ್ನು ಹೇಗೆ ಆರಿಸುತ್ತೇವೋ ಹಾಗೆಯೇ ಆರಿಸಿದೆ. ಉರಿಯುವ ಕೊಳ್ಳಿಯನ್ನು ಹೊರಗೆಳೆದು ತಟ್ಟಿ ನಂದಿಸಿ, ಕೆಂಡವನ್ನೆಲ್ಲ ಮಧ್ಯಕ್ಕೆ ಒಟ್ಟುಮಾಡಿ, ಅದರ ಮೇಲೆ ದಪ್ಪಗೆ ಬೂದಿ ಎಳೆದು, ಕೈಯಿಂದ ಮೆತ್ತಗೆ ತಟ್ಟಿ ಮುಚ್ಚಿದೆ. ಒಂದು ಕಿಡಿ ಕಾಣಿಸಲಿಲ್ಲ. ಹಾಗೆ ಮುಚ್ಚಿದ ಕೆಂಡ ಬೆಳಗಿನ ತನಕ ಒಳಗೊಳಗೇ ಜೀವ ಹಿಡಿದಿರುತ್ತದೆ, ಬೆಳಿಗ್ಗೆ ಒಂದು ಹಿಡಿ ಒಣಗಿದ ದರಗೆಲೆ ಹಾಕಿ ಊದಿದರೆ ನೀರು ಕಾಯಿಸಲು ಉರಿ ತಯಾರು. ಅದಕ್ಕೆಂದೇ ಮುಚ್ಚುವುದು. ಅದು ಗೊತ್ತಿದ್ದೂ ನನ್ನ ತಲೆಯಲ್ಲಿ ಇದಕ್ಕೆ ಆರಿಸುವುದು ಎಂದೇ ಹೆಸರು. ಬೋರ್ಡು ನೆನಪಾಗಲಿಲ್ಲವೇ ಎಂದು ಕೇಳಿದರೆ, ನೆನಪಾಯಿತು. ಆದರೆ ಅದರಲ್ಲಿ ಮರಳು ಎಂದು ಬರೆದಿತ್ತು, ಬೂದಿ ಎಂದು ಬರೆದಿರಲಿಲ್ಲ.

ಮರುದಿನ, ಬೇಲಿಯ ಹತ್ತಿರ

ಬೆಳಿಗ್ಗೆ ಎದ್ದಾಗ ಸುಮಿತ್ರ ಹೊರಟು ಹೋಗಿದ್ದಳು. ಗಾಳಿ ಬೀಸುತ್ತಿತ್ತು. ಒಳನಾಡಿನ ಮರುಭೂಮಿಯ ಕಡೆಯಿಂದ ಬರುವ ಬಿಸಿ ಗಾಳಿ. ನಾನು ಟೀ ಹಿಡಿದು ಅಡಿಗೆಮನೆಯಲ್ಲಿ ಕೂತಿದ್ದೆ. ಹಿತವಾದ ಹೊಗೆಯ ವಾಸನೆ ಬಂತು. ಯಾರದೋ ಮನೆಯಲ್ಲಿ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಾರೆ ಎಂದುಕೊಂಡೆ. ನಮ್ಮೂರಿನ ಬೆಳಗಿನ ವಾಸನೆ ಇಲ್ಲೂ ಸಿಕ್ಕಿತಲ್ಲ ಎಂದು ಕಣ್ಣು ಮುಚ್ಚಿ ಇನ್ನೊಂದು ಗುಟುಕು ಟೀ ಕುಡಿದೆ. ಈ ಊರಿನಲ್ಲಿ ಯಾರ ಮನೆಯಲ್ಲೂ ಬಚ್ಚಲೊಲೆ ಇಲ್ಲ ಎಂಬುದು ಹೊಳೆಯುವಷ್ಟರಲ್ಲಿ ಟೀ ಮುಗಿದಿತ್ತು.

ಹೊರಗೆ ಓಡಿದೆ. ಗಾಳಿ ಬೂದಿಯನ್ನೆಲ್ಲ ಹಾರಿಸಿಬಿಟ್ಟು ಬಾಣಲೆಯ ತುಂಬ ಕೆಂಡ ನಿಗಿನಿಗಿ ಅನ್ನುತ್ತಿತ್ತು. ಕಿಡಿ ಹಾರಿ ಬೇಲಿ ಬುಡದ ಹುಲ್ಲು ಹತ್ತಿಕೊಂಡಿತ್ತು. ಹಲಗೆಗಳು ಕಪ್ಪಾಗುತ್ತಿದ್ದವು.

ಕಾಡಿನ ಬೆಂಕಿಯನ್ನು ಹಸಿ ಸೊಪ್ಪಿನಿಂದ ಬಡಿದು ಆರಿಸುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಕೆವಿನ್ನನ ಮರದ ಒಂದು ಕೊಂಬೆ ನಮ್ಮ ಹಿತ್ತಿಲಿಗೆ ಬಾಗಿತ್ತು. ಜೋತುಬಿದ್ದು ಎಲೆ ತುಂಬಿದ ಟೊಂಗೆ ಮುರಿದುಕೊಂಡು ಬಡಿದೆ. ಎರಡನೆಯ ಪೆಟ್ಟಿಗೆ ಟೊಂಗೆಯೇ ಭಗ್ಗೆಂದು ಹತ್ತಿಕೊಂಡಿತು. ಅದು ನೀಲಗಿರಿ. ಆಸ್ಟ್ರೇಲಿಯದ ಮುಖ್ಯ ಮರ ನೀಲಗಿರಿ, ಅದರ ಎಲೆಯಿಂದ ಎಣ್ಣೆ ತೆಗೆಯುತ್ತಾರೆ ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದವಳು ಕೈಯಲ್ಲಿ ಪಂಜು ಹಿಡಿದು ನಿಂತಿದ್ದೆ. ನೀರಿನ ಪೈಪು ನನ್ನ ಕಾಲಿನ ಪಕ್ಕದಲ್ಲೇ ಬಿದ್ದಿತ್ತು. ಅದರ ಕಡೆ ನೋಡಲೇ ಇಲ್ಲ.

ಕೆವಿನ್ ಕುಂಟುತ್ತ ಬಂದು ಆಚೆಯಿಂದ ನೀರು ಬಿಡಲು ಶುರುಮಾಡಿದ. ಅವನೇ ಫೋನ್ ಮಾಡಿರಬೇಕು, ಸೈರನ್ ಕೇಳಿಸಿತು. ಕೆಂಪು ಲಾರಿ ಬಂದು ನಿಂತಿತು. ಹಳದಿ ಬಟ್ಟೆಯವರು ಧುಮುಕಿದರು. ಪೈಪು ಹಿಡಿದು ಮುಂದೆ ಓಡಿ ಬಂದವಳು ನನ್ನ ತಂಗಿ.

ಮನೆ ತನ್ನದು ಎಂದು ಅವಳಿಗೆ ದಾರಿಯಲ್ಲೇ ಗೊತ್ತಾಗಿರಬೇಕು. ಆ ಮುಖದಲ್ಲಿ ಏನೂ ಕಾಣಿಸಲಿಲ್ಲ. ಹಿಂದೆ ಸರಿಯಿರಿ ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದಳು, ದಾರಿಹೋಕರಿಗೆ ಹೇಳುವ ಹಾಗೆ. ಬೇಲಿಗೆ ನೀರು ಬಿಟ್ಟಳು. ಬೆಂಕಿ ಕುಗ್ಗಿದ ಮೇಲೆ ಸೀದಾ ಬಾಣಲೆಯ ಹತ್ತಿರ ಹೋಗಿ ಕೆಂಡದ ಮೇಲೇ ನೀರು ಹಾಕಿದಳು. ಚರ್ರೆಂದು ಬೂದಿ ಎದ್ದಿತು. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

"ಎಂತ ಮಾಡ್ತಿದೀಯೆ! ಒಲೆಗೆ ನೀರು ಹಾಕ್ತಾರೇನೆ!" ಎಂದು ಕಿರುಚಿದೆ.

ಉರಿವ ಒಲೆಗೆ ನೀರು ಸುರಿಯುವುದು ಅಶುಭ ಎಂದು ನಮ್ಮ ಅವ್ವ ನಮಗಿಬ್ಬರಿಗೂ ಕಲಿಸಿದ್ದು. ಆದರೆ ಅದನ್ನು ಹೇಳುವ ಹೊತ್ತೇ ಅದು? ಪಕ್ಕದ ಮನೆಯ ಬೇಲಿ ಹೊಗೆಯಾಡುತ್ತಿತ್ತು. ಸುಮಿತ್ರ ತಿರುಗಿ ನೋಡಲಿಲ್ಲ. ಸಲಿಕೆಯಿಂದ ಕೆದಕಿ, ಮತ್ತೆ ನೀರು ಹಾಕಿ, ಕೈಗವಸು ತೆಗೆದು, ಹಿಂಗೈಯನ್ನು ಬೂದಿಯ ಸಮೀಪ ಹಿಡಿದು ತಣ್ಣಗಾಗಿದೆಯೇ ಎಂದು ನೋಡಿದಳು. ಆಮೇಲೆ ತಂಡದ ನಾಯಕಿ ಡೆಬ್ ಎಂಬ ಗಟ್ಟಿಮುಟ್ಟಾದ ಹೆಂಗಸಿನ ಹತ್ತಿರ ಹೋಗಿ ಏನೋ ಹೇಳಿದಳು. ಡೆಬ್ ನನ್ನ ಕಡೆ ನೋಡಿದಳು. ನಾನಿನ್ನೂ ಸುಟ್ಟ ಟೊಂಗೆ ಬಿಟ್ಟಿರಲಿಲ್ಲ.

ಆ ಸಂಜೆ ಸುಮಿತ್ರಳಿಗೆ ಕೈಮುಗಿದೆ, ಕಣ್ಣೀರಿಟ್ಟೆ, ನನ್ನನ್ನೇ ಬೈದುಕೊಂಡೆ. ಇಟ್ಸ್ ಓಕೆ ಎಂದಳು. ಊಟ ಎಂದರೆ ನೋ ಥ್ಯಾಂಕ್ಸ್. ಮಲಗುತ್ತೀಯೇನೆ ಎಂದರೆ ಗುಡ್ ನೈಟ್. ಮರುದಿನವೂ ಹಾಗೆ, ಅದರ ಮರುದಿನವೂ ಹಾಗೆ. ಕೂಸಾಗಿದ್ದಾಗ ನಾನು ಎತ್ತಿಕೊಂಡವಳು ನನ್ನ ಜತೆ ಕನ್ನಡ ಬಿಟ್ಟಿದ್ದಳು. ಬಾಗಿಲ ಹಿಂದಿನ ಹಳದಿ ಅಂಗಿಯನ್ನು ತೊಳೆದು ಇಸ್ತ್ರಿ ಮಾಡಿ ಮಡಿಚಿಟ್ಟಳು, ವಾಪಸು ಕೊಡುವುದಕ್ಕೆ.

ಭಾನುವಾರ, ಶೆಡ್ಡು

ನಾನೂ ಬರುತ್ತೇನೆ ಎಂದು ಹಟ ಹಿಡಿದು ಹೋದೆ. ಪ್ರತಿ ಬೆಂಕಿಯ ನಂತರ ಅವರೆಲ್ಲ ಸುತ್ತ ಕೂತು, ಯಾವುದು ಸರಿಯಾಯಿತು ಯಾವುದು ತಪ್ಪಾಯಿತು ಎಂದು ಮಾತಾಡುವ ಪದ್ಧತಿ ಇಟ್ಟುಕೊಂಡಿದ್ದಾರೆ. ಬೈಗುಳ ಇಲ್ಲ, ಮುಚ್ಚುಮರೆಯೂ ಇಲ್ಲ. ಕೆವಿನ್ ಟೀ ಕೊಟ್ಟ. ನಾನು ಅದನ್ನು ಪಕ್ಕಕ್ಕಿಟ್ಟೆ.

ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡ ಇಂಗ್ಲಿಷ್ ಭಾಷಣ ಎದ್ದು ನಿಂತ ಕೂಡಲೇ ಮರೆತುಹೋಯಿತು. ಬಂದಷ್ಟು ಹೇಳಿದೆ. ತಪ್ಪು ನನ್ನದು, ಇವಳದಲ್ಲ. ನಮ್ಮ ಮನೆಗಳಲ್ಲಿ ಕೆಂಡವನ್ನು ಬೂದಿಯಲ್ಲಿ ಮುಚ್ಚುತ್ತೇವೆ, ಮಗುವಿಗೆ ಹೊದಿಸುವ ಹಾಗೆ. ಅದನ್ನೇ ಆರಿಸುವುದು ಅಂದುಕೊಂಡೆ. ಇವಳಿಗೆ ಈ ಜಾಗ ಬೇಕು, ದಯವಿಟ್ಟು ನನ್ನ ದಡ್ಡತನಕ್ಕೆ ಇವಳಿಂದ ಕಿತ್ತುಕೊಳ್ಳಬೇಡಿ. ಕೊನೆಗೆ ಏನು ಹೇಳಬೇಕೋ ತೋಚದೆ, ಕ್ಲಾಸಿನ ಕೊನೆಯಲ್ಲಿ ಹೇಳುತ್ತಿದ್ದಂತೆ, "ಯಾರಿಗಾದರೂ ಪ್ರಶ್ನೆ ಇದೆಯೇ?" ಎಂದುಬಿಟ್ಟೆ.

ಡೆಬ್‌ಗೆ ನಿಜವಾಗಿಯೂ ಪ್ರಶ್ನೆ ಇತ್ತು. ಹಾಗೆ ಮುಚ್ಚಿದರೆ ಎಷ್ಟು ಹೊತ್ತು ಇರುತ್ತದೆ ಎಂದಳು. ಒಳ್ಳೆಯ ಕಟ್ಟಿಗೆಯಾದರೆ ಮಾರನೆಯ ಮಧ್ಯಾಹ್ನದವರೆಗೂ ಎಂದೆ. ಬೇಕರಿಯವನು ಮೆಲ್ಲಗೆ ಸಿಳ್ಳೆ ಹಾಕಿದ.

ಆಗ ಸುಮಿತ್ರ ಎದ್ದಳು. ಅಕ್ಕನಿಗೆ ಆರಿಸು ಎಂದು ಹೇಳಿ ನಾನು ಮಲಗಲು ಹೋದೆ, ಕೈಯಿಟ್ಟು ನೋಡಲಿಲ್ಲ, ಆ ಬೆಂಕಿ ನನ್ನ ಮನೆಯದು, ನೋಡಬೇಕಾದವಳು ನಾನು ಎಂದಳು. ಮಡಿಚಿದ ಅಂಗಿಯನ್ನು ಮೇಜಿನ ಮೇಲೆ ಇಟ್ಟಳು.

ಮೊದಲು ಮಾತಾಡಿದ್ದು ಬೇಲಿ ಕಳಕೊಂಡ ಕೆವಿನ್. "ಅಕ್ಕ ಎದುರಿಗೆ ನಿಂತು ಅಷ್ಟು ಜೋರಾಗಿ ಕಿರುಚುತ್ತಿದ್ದರೂ ಇವಳು ಪೈಪು ಅಲುಗಿಸಲಿಲ್ಲ. ನಾನಾಗಿದ್ದರೆ ಪೈಪು ಬಿಟ್ಟು ಓಡುತ್ತಿದ್ದೆ. ಇವಳಲ್ಲಿ ಇನ್ನೇನು ನೋಡಬೇಕು ನಿಮಗೆ?"

ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಡೆಬ್ ಎಲ್ಲರ ಮುಖ ಒಂದು ಸಲ ನೋಡಿ ಒಳಗೆ ಹೋಗಿ ಹೆಲ್ಮೆಟ್ಟು ತಂದಳು. ಹೆಸರು ಮೊದಲೇ ಬರೆದಿತ್ತು. "ಇನ್ನು ಮುಂದೆ ಕೈಯಿಟ್ಟು ನೋಡು" ಎಂದು ಸುಮಿತ್ರಳಿಗೆ ಕೊಟ್ಟಳು. ಸುಮಿತ್ರ ಅದನ್ನು ಎದೆಗೆ ಒತ್ತಿಕೊಂಡು ಅತ್ತಳು. ನಾನು ಹತ್ತಿರ ಹೋಗಲೋ ಬೇಡವೋ ಎಂದು ಕುರ್ಚಿಯ ತುದಿಯಲ್ಲಿ ಕೂತಿದ್ದೆ.

ಅಷ್ಟರಲ್ಲಿ ಕರೆ ಬಂತು. ಊರ ಹೊರಗೆ ರಸ್ತೆ ಬದಿ ಹುಲ್ಲು ಹತ್ತಿಕೊಂಡಿದೆಯಂತೆ. ಟೀ ಕಪ್ಪುಗಳು ಇದ್ದಲ್ಲೇ ಉಳಿದವು. ಇಸ್ತ್ರಿ ಮಾಡಿದ ಅಂಗಿಯನ್ನು ಸುಮಿತ್ರ ಓಡುತ್ತಲೇ ತೊಟ್ಟು ಲಾರಿ ಹತ್ತಿದಳು. ಲಾರಿ ಬಾಗಿಲು ದಾಟುವಾಗ ಕಿಟಕಿಯಿಂದ ಹೆಲ್ಮೆಟ್ಟಿನ ತಲೆ ಹೊರಬಂದು ಕನ್ನಡದಲ್ಲಿ ಕೂಗಿತು.

"ಅಕ್ಕಾ! ಎಂತದ್ನೂ ಮುಟ್ಬೇಡ ಕಣೆ! ಒಂದು ಸ್ವಿಚ್ಚೂ ಮುಟ್ಬೇಡ! ನಾನು ಬರೋ ತನ್ಕ ಅಲ್ಲೇ ನಿಂತಿರು ಮಾರಾಯ್ತಿ!"

ನಾನು ಕೈಕಟ್ಟಿ ಅಲ್ಲೇ ನಿಂತೆ. ಕಣ್ಣೀರು ಗಲ್ಲದವರೆಗೂ ಇಳಿಯಿತು. ಒರೆಸಿಕೊಳ್ಳುವುದಕ್ಕೂ ಕೈ ಬಿಡಿಸಲಿಲ್ಲ.